ಕಬ್ಬಿನ ಅಜ್ಜಿಯ ಊರು ಯಾವುದು?

ಮಕ್ಕಳೇ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯವರಾದ ನಿಮಗೆ ಕಬ್ಬಿನ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರು ಸಿಗುವಲ್ಲೆಲ್ಲ ಕಬ್ಬಿನ ಹೊಲಗಳು. ಸುಗ್ಗಿ ಬಂತೆಂದರೆ ರಸ್ತೆಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು. ಮಹಾಲಿಂಗಪುರದ ಪೇಟೆಗೆ ಹೋದರೆ ಬೆಲ್ಲದ ವಾಸನೆ. ಇಷ್ಟು ಹತ್ತಿರದ ಈ ಕಬ್ಬಿನ ಅಜ್ಜಿಯ ಊರು ಯಾವುದು ಎಂದು ಕೇಳಿದರೆ ಏನು ಹೇಳುತ್ತೀರಿ? ನಗಬೇಡಿ. ಕಬ್ಬಿಗೂ ತಾಯಿ, ತಂದೆ, ಅಜ್ಜಿ, ಮುತ್ತಜ್ಜಿ ಇದ್ದಾರೆ.

ಹೊಲದಲ್ಲಿರುವುದು ಯಾವ ತಳಿ ಎಂದು ರೈತರನ್ನು ಕೇಳಿ ನೋಡಿ. ಅವರು ಹೆಸರು ಹೇಳುವುದಿಲ್ಲ, ಸಂಖ್ಯೆ ಹೇಳುತ್ತಾರೆ. ನಮ್ಮ ಭಾಗದಲ್ಲಿ ಹೆಚ್ಚಾಗಿ ಬೆಳೆಯುವ ತಳಿಗಳಲ್ಲಿ ಒಂದು ಸಿ.ಓ. 86032. ಇಲ್ಲಿ ಸಿ.ಓ. ಎಂದರೆ ಕೊಯಿಮತ್ತೂರು. ಅಲ್ಲಿ 1912ರಲ್ಲಿ ಆರಂಭವಾದ ಕಬ್ಬು ತಳಿ ಸಂಶೋಧನಾ ಕೇಂದ್ರ ಇದರ ತವರು. ಇದರ ತಾಯಿ ಸಿ.ಓ. 62198, ತಂದೆ ಸಿ.ಓ.ಸಿ. 671. ಆ ತಂದೆಯ ತಾಯಿ ಕ್ಯೂ 63 ಎಂಬ ತಳಿ. ಅದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನದು! ಆ ತಂದೆಯ ತಂದೆ ಸಿ.ಓ. 775, ಅದರ ತಾಯಿ ಪಿ.ಓ.ಜೆ. 2878, ಇಂದಿನ ಇಂಡೋನೇಷ್ಯಾಕ್ಕೆ ಸೇರಿದ ಜಾವಾ ದ್ವೀಪದ್ದು. ಅಂದರೆ ಮುಧೋಳದ ಹೊಲದಲ್ಲಿ ನಿಂತ ಕಬ್ಬಿಗೆ ಅಜ್ಜಿ ಆಸ್ಟ್ರೇಲಿಯಾದವಳು, ಮುತ್ತಜ್ಜಿ ಜಾವಾದವಳು.

ಇದು ಹೇಗೆ ಸಾಧ್ಯ? ರೈತರು ಕಬ್ಬಿನ ತುಂಡುಗಳನ್ನು ನೆಡುತ್ತಾರೆ. ಗಣ್ಣಿನಲ್ಲಿರುವ ಕಣ್ಣು ಮೊಳೆತು ಗಿಡವಾಗುತ್ತದೆ. ಹೀಗೆ ಬೆಳೆದ ಗಿಡ ತಾಯಿಯ ಪಡಿಯಚ್ಚು. ತಾಯಿಗೆ ಯಾವ ರೋಗ ತಗಲುತ್ತದೆಯೋ ಅದು ಮಗುವಿಗೂ ತಗಲುತ್ತದೆ. ಹೊಸ ಗುಣ ಬರಬೇಕಾದರೆ ಹೂ ಬೇಕು, ಬೀಜ ಬೇಕು. ಕಬ್ಬಿನ ತುದಿಯಲ್ಲಿ ಬೆಳ್ಳಗೆ ತೂಗುವ ಸೂಲಂಗಿಯನ್ನು ನೀವು ನೋಡಿರಬಹುದು. ಅದೇ ಕಬ್ಬಿನ ಹೂಗೊಂಚಲು. ಒಂದು ತಳಿಯ ಪರಾಗವನ್ನು ಇನ್ನೊಂದು ತಳಿಯ ಹೂವಿಗೆ ಸೇರಿಸಿದರೆ ಸಾಸಿವೆಗಿಂತ ಚಿಕ್ಕ ಬೀಜ ಕಟ್ಟುತ್ತದೆ. ಬೀಜ ಕೊಟ್ಟದ್ದು ತಾಯಿ, ಪರಾಗ ಕೊಟ್ಟದ್ದು ತಂದೆ. ಕಬ್ಬಿನ ಬೀಜವೂ ಮೊಳೆಯುತ್ತದೆ ಎಂಬುದು ವಿಜ್ಞಾನಿಗಳಿಗೆ ಖಚಿತವಾದದ್ದು 1880ರ ದಶಕದಲ್ಲಿ, ಜಾವಾ ಮತ್ತು ಬಾರ್ಬಡೋಸ್ ದ್ವೀಪಗಳಲ್ಲಿ.

ಅದೇ ಕಾಲದಲ್ಲಿ ಸೆರೆ ಎಂಬ ರೋಗ ಜಾವಾದ ಕಬ್ಬನ್ನು ಹಾಳುಮಾಡುತ್ತಿತ್ತು. ರಸಭರಿತವಾದ ದಪ್ಪ ಕಬ್ಬಿಗೆ ರೋಗ ತಡೆಯುವ ಶಕ್ತಿ ಇರಲಿಲ್ಲ. ಹುಲ್ಲಿನಂತೆ ತೆಳ್ಳಗಿದ್ದ, ಸಿಹಿಯೇ ಇಲ್ಲದ ಕಾಡುಕಬ್ಬಿಗೆ ಇತ್ತು! ಎರಡನ್ನೂ ಕೂಡಿಸಿ ಬೆಳೆಸುತ್ತ ಹೋದಾಗ ಸಿಕ್ಕಿದ್ದು ಪಿ.ಓ.ಜೆ. 2878. ಕೊಯಿಮತ್ತೂರಿನಲ್ಲಿ ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಕೂಡ ನಮ್ಮ ದೇಶದ ಕಾಡುಕಬ್ಬನ್ನು ಬಳಸಿ ಸಿ.ಓ. 205 ತಳಿಯನ್ನು ರೂಪಿಸಿದರು. ಅದು 1918ರಲ್ಲಿ ರೈತರ ಕೈ ಸೇರಿತು.

ದಪ್ಪ ಕಬ್ಬಿನ ಮೂಲನೆಲೆ ನ್ಯೂಗಿನಿ ದ್ವೀಪ. 1928ರಲ್ಲಿ ಅಮೆರಿಕದ ಬ್ರಾಂಡಿಸ್ ನೇತೃತ್ವದ ತಂಡ ನೀರಿನ ಮೇಲೆ ಇಳಿಯುವ ವಿಮಾನದಲ್ಲಿ ಅಲ್ಲಿಗೆ ಹೋಯಿತು. ಜಾವಾದಲ್ಲಿ ಕೆಲಸ ಮಾಡಿದ್ದ ಯೆಸ್ವೀಟ್, ಹವಾಯಿಯ ಕೀಟತಜ್ಞ ಪೆಂಬರ್ಟನ್ ಅದೇ ತಂಡದಲ್ಲಿದ್ದರು. ದಟ್ಟ ಕಾಡಿನ ನಡುವಿನ ಹಳ್ಳಿಗಳ ತೋಟಗಳಿಂದ ಬಗೆಬಗೆಯ ಕಬ್ಬು ತಂದರು. ಬೇರೆ ಬೇರೆ ನಾಡಿನ ವಿಜ್ಞಾನಿಗಳು ಒಂದೇ ವಿಮಾನದಲ್ಲಿ ಕುಳಿತದ್ದು ಮೆಚ್ಚಬೇಕಾದ ಮಾತು. ಆದರೆ ಆ ಕಬ್ಬನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಹಳ್ಳಿಯವರಿಗೆ ಅದರ ಲಾಭದಲ್ಲಿ ಪಾಲು ಕೊಡಬೇಕೆಂಬ ನಿಯಮ ಆಗ ಯಾವ ದೇಶದಲ್ಲೂ ಇರಲಿಲ್ಲ.

ಭಾರತ ಪಡೆದದ್ದು ಮಾತ್ರವಲ್ಲ, ಕೊಟ್ಟದ್ದೂ ಉಂಟು. ಕೊಯಿಮತ್ತೂರಿನಲ್ಲಿ ಸಿ.ಓ. 421 ಮತ್ತು ಸಿ.ಓ. 312 ತಳಿಗಳನ್ನು ಕೂಡಿಸಿದ ಬೀಜ ದಕ್ಷಿಣ ಆಫ್ರಿಕಾದ ನಟಾಲ್‌ಗೆ ಹೋಯಿತು. ಅಲ್ಲಿ ಅದನ್ನು ಬೆಳೆಸಿ, ಆರಿಸಿ, 1945ರಲ್ಲಿ ಎನ್.ಸಿ.ಓ. 310 ಎಂಬ ತಳಿಯಾಗಿ ಬಿಡುಗಡೆ ಮಾಡಿದರು. ಮುಂದೆ ಅದು ತೈವಾನ್, ಜಪಾನಿನ ಒಕಿನಾವಾ ಮುಂತಾದ ಕಡೆ ಹಬ್ಬಿತು. ಎನ್ ಎಂದರೆ ನಟಾಲ್, ಸಿ.ಓ. ಎಂದರೆ ಮತ್ತೆ ನಮ್ಮ ಕೊಯಿಮತ್ತೂರು. ಒಂದೇ ಹೆಸರಿನಲ್ಲಿ ಎರಡು ದೇಶ! ಮರುವರ್ಷ, 1946ರಲ್ಲಿ, ದಕ್ಷಿಣ ಆಫ್ರಿಕಾದ ಸರ್ಕಾರ ಭಾರತೀಯರಿಗೆ ಮಾಡುತ್ತಿದ್ದ ಅನ್ಯಾಯವನ್ನು ವಿರೋಧಿಸಿ ಭಾರತ ಆ ದೇಶದೊಂದಿಗೆ ವ್ಯಾಪಾರ ನಿಲ್ಲಿಸಿತು. ಬೀಜ ಹೋದದ್ದು ಅದಕ್ಕಿಂತ ಮೊದಲು.

ಹಳೆಯ ತಳಿಗಳೇ ಸಾಕಲ್ಲ, ಇನ್ನೂ ಏಕೆ ಈ ಕೊಡುಕೊಳ್ಳುವಿಕೆ ಎಂದು ನೀವು ಕೇಳಬಹುದು. ಸಿ.ಓ.ಸಿ. 671 ಬಹಳ ಸಕ್ಕರೆ ಕೊಡುವ ತಳಿ. ಆದರೆ ಕೆಂಪು ಕೊಳೆ ರೋಗಕ್ಕೆ ಅದು ಸುಲಭವಾಗಿ ತುತ್ತಾಯಿತು. 2002ರಲ್ಲಿ ನಮ್ಮ ಕಡೆಗೇ ಇನ್ನೊಂದು ಕಷ್ಟ ಬಂತು. ಮಹಾರಾಷ್ಟ್ರದಲ್ಲಿ ಕಾಣಿಸಿಕೊಂಡ ಬಿಳಿ ಉಣ್ಣೆ ಹೇನು ಅದೇ ವರ್ಷ ಉತ್ತರ ಕರ್ನಾಟಕಕ್ಕೂ ಹಬ್ಬಿತು. ಎಲೆಯ ಕೆಳಗೆ ಬಿಳಿ ಅರಳೆ ಅಂಟಿಸಿದಂತೆ ಹೇನು, ಮೇಲೆ ಮಸಿ ಬಳಿದಂತೆ ಕಪ್ಪು ಬೂಷ್ಟು. ನಿಮ್ಮ ಮನೆಯ ಹಿರಿಯರಿಗೆ ಆ ದಿನಗಳು ಮರೆತಿರಲಾರವು. ಈ ಹೇನಿಗೆ ವೈಜ್ಞಾನಿಕ ಹೆಸರಿಟ್ಟದ್ದು 1897ರಲ್ಲಿ, ಜಾವಾದಲ್ಲಿದ್ದ ವಿಜ್ಞಾನಿ ಜೆಂಟ್ನರ್. ಅಷ್ಟು ದೂರದಲ್ಲಿ ಗುರುತಿಸಿದ ಹೇನು ನಮ್ಮ ಹೊಲದಲ್ಲಿ! ಕೊನೆಗೆ ಹೇನನ್ನು ತಿನ್ನುವ ಡಿಫಾ, ಮೈಕ್ರೊಮಸ್ ಎಂಬ ಕೀಟಗಳನ್ನು ಹೊಲಗಳಿಗೆ ಬಿಟ್ಟು ಹತೋಟಿಗೆ ತಂದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇವನ್ನು ಸಾಕಿ ಬೆಳೆಸಿತು.

ನಾಳೆ ಬರುವ ರೋಗವನ್ನು ತಡೆಯುವ ಗುಣ ಯಾವ ದೇಶದ ಯಾವ ಕಾಡುಕಬ್ಬಿನಲ್ಲಿದೆಯೋ ಈಗಲೇ ಹೇಳಲಾಗದು. ಅದಕ್ಕೇ ಲೋಕದ ಕಬ್ಬುಗಳ ದೊಡ್ಡ ಸಂಗ್ರಹವನ್ನು ಎರಡು ಕಡೆ ಬೆಳೆಸಿ ಇಟ್ಟಿದ್ದಾರೆ. ಒಂದು ಅಮೆರಿಕದ ಮಯಾಮಿಯಲ್ಲಿ, ಇನ್ನೊಂದು ನಮ್ಮಲ್ಲಿ. ಕಾಸರಗೋಡಿನಿಂದ ದಕ್ಷಿಣಕ್ಕೆ, ಕೇರಳದ ಕಣ್ಣೂರಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಬಗೆಗಳಿವೆ. ಸುತ್ತಮುತ್ತ ಕಬ್ಬು ಬೆಳೆಯುವುದಿಲ್ಲವಾದ್ದರಿಂದ ರೋಗದ ಭಯ ಅಲ್ಲಿ ಕಡಿಮೆ.

ಈಗ 1928ರಂತೆ ವಿಮಾನದಲ್ಲಿ ಹೋಗಿ ಕಬ್ಬು ಕಡಿದು ತರಲಾಗದು. 1992ರಲ್ಲಿ ರಿಯೊ ನಗರದಲ್ಲಿ ಸೇರಿದ ದೇಶಗಳು ಒಂದು ಒಪ್ಪಂದ ಮಾಡಿಕೊಂಡವು. ಒಂದು ದೇಶದ ಸಸ್ಯ, ಪ್ರಾಣಿಗಳ ಮೇಲೆ ಆ ದೇಶಕ್ಕೇ ಹಕ್ಕು. ಬೇಕಾದವರು ಅನುಮತಿ ಕೇಳಬೇಕು. ಲಾಭ ಬಂದರೆ ಹಂಚಿಕೊಳ್ಳಬೇಕು. ಭಾರತವೂ 2002ರಲ್ಲಿ ಜೀವವೈವಿಧ್ಯ ಕಾಯ್ದೆ ಮಾಡಿತು. ದೇಶ ದೇಶಗಳ ನಡುವಿನ ಇಂಥ ಮಾತುಕತೆಗೆ ರಾಜತಾಂತ್ರಿಕತೆ ಎನ್ನುತ್ತಾರೆ. ಯುದ್ಧ, ಗಡಿಗಳಿಗೆ ಮಾತ್ರವಲ್ಲ, ಒಂದು ಕಬ್ಬಿನ ತುಂಡಿಗೂ ಅದು ಬೇಕು. ಅನುಮತಿ ಸಿಕ್ಕು ಬಂದ ತುಂಡೂ ನೇರವಾಗಿ ಹೊಲಕ್ಕೆ ಹೋಗುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಬೆಳೆಸಿ, ರೋಗ ಕೀಟಗಳಿಲ್ಲವೆಂದು ಖಚಿತವಾದ ಮೇಲೆಯೇ ಹೊರಗೆ ಬಿಡುತ್ತಾರೆ.

ಮಾಡಿ ನೋಡಿ: ನಿಮ್ಮೂರಿನ ಐದು ಹೊಲಗಳಲ್ಲಿರುವ ತಳಿಗಳ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ. ಐದರಲ್ಲೂ ಒಂದೇ ತಳಿ ಇದೆಯೇ? ಹಾಗಿದ್ದರೆ, ಆ ತಳಿಗೇ ಹೊಸ ರೋಗ ಬಂದರೆ ಊರಿಗೆ ಏನಾದೀತು ಎಂದು ಗುರುಗಳೊಂದಿಗೆ ಚರ್ಚಿಸಿ. ಅಜ್ಜನ ಕಾಲದಲ್ಲಿ ಯಾವ ಸಂಖ್ಯೆಯ ಕಬ್ಬು ಇತ್ತು ಎಂದೂ ಕೇಳಿ. 419 ಎಂದು ಹೇಳಿದರೆ, ಅದರ ತಾಯಿಯೂ ಜಾವಾದ ಅದೇ ಪಿ.ಓ.ಜೆ. 2878 ಎಂದು ಅಜ್ಜನಿಗೆ ನೀವೇ ತಿಳಿಸಿ.