ಕಾಯಕವೂ ಕಾಯರಕ್ಷಣೆಯೂ

ಕಾಯಕವನ್ನು ಬೋಧಿಸುವಾಗ ದುಡಿಮೆಯ ಪ್ರಮಾಣವನ್ನೇ ಹೊಗಳಿ, ದುಡಿಯುವ ಕಾಯವನ್ನು ಮರೆಯುವವರುಂಟು. ಬಂಗಾರಪೇಟೆಯ ಆಚೆಗಿರುವ ಕೋಲಾರದ ಚಿನ್ನದ ಗಣಿಗಳ ವೃತ್ತಾಂತವನ್ನು ಬಲ್ಲವರು ಹಾಗೆ ಮರೆಯಲಾರರು.

2001ರಲ್ಲಿ ಮುಚ್ಚಿದ ಈ ಗಣಿಗಳಲ್ಲಿ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗಿಂತಲೂ ಆಳಕ್ಕಿಳಿದಿತ್ತು. ಮೇಲಣ ಶಿಲಾಭಾರದಿಂದ ಬಂಡೆಯು ಹಠಾತ್ತನೆ ಸಿಡಿಯುತ್ತಿದ್ದುದುಂಟು. ಸಿಡಿಮದ್ದು ಹಾರಿಸಿದೆಡೆಯಲ್ಲಂತೂ ಸಡಿಲಗಲ್ಲನ್ನು ಹಾರೆಯಿಂದ ತಟ್ಟಿ ಕೆಡಹಿದ ಹೊರತು ಒಳಹೊಗುವಂತಿಲ್ಲ. ಆದರೆ ಹಾಗೆ ತಟ್ಟಿದ ಹೊತ್ತು ಅದಿರಿನ ತೂಕಕ್ಕೆ ಬಾರದಷ್ಟೆ! ಧೂಳಿನ ರೀತಿಯು ಇನ್ನೂ ವಂಚಕವಾದುದು. ನೀರು ಹಾಯಿಸದೆ ಬಂಡೆ ಕೊರೆದವನಿಗೆ ಅಂದು ಏನೂ ತೋರದು. ವರ್ಷಗಳು ಕಳೆದ ಮೇಲೆ ಸಿಲಿಕೋಸಿಸ್ ರೋಗವು ಶ್ವಾಸಕೋಶವನ್ನು ಗಡಸಾಗಿಸಿ, ನಾಲ್ಕು ಮೆಟ್ಟಿಲೇರಲೂ ಉಸಿರು ಸಾಲದಾಗುವುದು. ಆಗ ಅವನನ್ನು ಮೈಗಳ್ಳನೆಂದು ಬರೆದುಕೊಳ್ಳುವುದು ಯಾವ ನ್ಯಾಯ?

1952ರ ಗಣಿ ಕಾಯಿದೆಯು ತಪಾಸಣಾಧಿಕಾರಿಗೆ ಹಗಲಿರುಳೆನ್ನದೆ ಗಣಿಯನ್ನು ಹೊಕ್ಕು ನೋಡುವ ಅಧಿಕಾರವನ್ನಿತ್ತಿತು. ಪ್ರಾಣಾಪಾಯವು ಸನ್ನಿಹಿತವಾದಲ್ಲಿ ಕೆಲಸವನ್ನೇ ತಡೆಯಬಹುದೆಂದಿತು. ಇಂಥ ತಪಾಸಣೆಯನ್ನು ದುಡಿಮೆಗೆ ವಿಘ್ನವೆಂದೆಣಿಸುವ ಸದ್ಗೃಹಸ್ಥರು ನಮ್ಮಲ್ಲಿಯೂ ಇಲ್ಲದಿಲ್ಲ. ಕಲ್ಲುಕೋರೆಯನ್ನೋ ಹಿಟ್ಟಿನ ಗಿರಣಿಯನ್ನೋ ನಡೆಯಿಸುವ ಭಕ್ತರು ತಮ್ಮ ಹಾಜರಿ ಪುಸ್ತಕವನ್ನೊಮ್ಮೆ ತೆರೆದು ನೋಡಲಿ: ಆಳು ಮಾಡಿದ ಕೆಲಸದ ಪಕ್ಕದಲ್ಲಿ ಅವನ ಕೆಮ್ಮಿಗೆ ಅಂಕಣವುಂಟೆ?