ಹಳೇ ಗೇಮಿಂಗ್ ಕಂಪ್ಯೂಟರ್‌ಗೆ ಯಾವ ಕಾರ್ಡ್, ಯಾವ ಮಾನಿಟರ್?

ಚಿನಕುರಳಿ, ಪಾಂಡವಪುರದ ಸುತ್ತಿನ ಹಲವು ಮನೆಗಳಲ್ಲಿರುವ ಗೇಮಿಂಗ್ ಕಂಪ್ಯೂಟರ್‌ಗಳ ಜಾತಕ ಹೆಚ್ಚೂಕಡಿಮೆ ಒಂದೇ. ಮಕ್ಕಳು ಮಂಡ್ಯದ ಪಿಇಎಸ್ ಕಾಲೇಜಿಗೋ ಮೈಸೂರಿಗೋ ಎಂಜಿನಿಯರಿಂಗ್ ಸೇರಿದಾಗ ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತಂದದ್ದು. ಯಾವುದೋ ಕಚೇರಿಯಲ್ಲಿ ದುಡಿದು ಹೊರಬಿದ್ದ ಡೆಲ್ ಆಪ್ಟಿಪ್ಲೆಕ್ಸ್ ಅಥವಾ ಎಚ್‌ಪಿ, ಒಳಗೆ ಮೂರನೇ ಇಲ್ಲವೇ ನಾಲ್ಕನೇ ತಲೆಮಾರಿನ ಕೋರ್ ಐ5, ಎದುರಿಗೆ 18.5 ಇಂಚಿನ ಮಾನಿಟರ್. ಓದು ಮುಗಿದಿದೆ, ಕಂಪ್ಯೂಟರ್ ಮನೆಯಲ್ಲೇ ಇದೆ. ಈಗ ತಮ್ಮನೋ ತಂಗಿಯೋ ಅದರಲ್ಲಿ ಗೇಮ್ ಆಡುತ್ತಾರೆ. ಹೊಸ ಗೇಮ್ ಹಾಕಿದೊಡನೆ ಅದು ತಡವರಿಸುತ್ತದೆ. ‘ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿದರೆ ಸರಿಹೋಗುತ್ತೆ’ ಎನ್ನುವ ಸಲಹೆ ಬರುವುದು ಆಗಲೇ.

ಸರಿಹೋಗಬಹುದು, ಹೋಗದೆಯೂ ಇರಬಹುದು. ಜಿಟಿಎ 5 ಗೇಮನ್ನೇ ನೋಡಿ. 2015ರಲ್ಲಿ ಅದು ಪಿಸಿಗೆ ಬಂದಾಗ ತಯಾರಕರು ಶಿಫಾರಸು ಮಾಡಿದ್ದು ಐ5-3470 ಪ್ರೊಸೆಸರ್ ಮತ್ತು 2 ಜಿಬಿಯ ಜಿಟಿಎಕ್ಸ್ 660 ಕಾರ್ಡ್. 2025ರ ಮಾರ್ಚ್‌ನಲ್ಲಿ ಬಂದ ಅದೇ ಗೇಮಿನ ಸುಧಾರಿತ ಆವೃತ್ತಿಗೆ ಕನಿಷ್ಠವೆಂದರೂ ಐ7-4770, 4 ಜಿಬಿ ಕಾರ್ಡ್, ಜೊತೆಗೆ ಎಸ್‌ಎಸ್‌ಡಿ ಬೇಕು. ಇದನ್ನು ತಯಾರಿಸುವ ರಾಕ್‌ಸ್ಟಾರ್ ಸಂಸ್ಥೆಗೆ ಬೆಂಗಳೂರಿನಲ್ಲೂ ಸ್ಟುಡಿಯೊ ಇದೆ. 1997ರಲ್ಲಿ ಅಲ್ಲಿ ಹುಟ್ಟಿದ ಧ್ರುವ ಇಂಟರ್‌ಆ್ಯಕ್ಟಿವ್ ಕಂಪನಿಯನ್ನು 2019ರಲ್ಲಿ ಕೊಂಡದ್ದೂ ಇದೇ ಸಂಸ್ಥೆ. ನಮ್ಮವರ ಕೈಯೂ ಇರುವ ಗೇಮುಗಳನ್ನು ನಮ್ಮೂರಿನ ಹಳೇ ಕಂಪ್ಯೂಟರ್‌ನಲ್ಲಿ ಆಡಬೇಕಾದರೆ ಕೊಳ್ಳುವ ಮುನ್ನ ಒಂದಿಷ್ಟು ಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು.

ಕಾಸು ಖರ್ಚಿಲ್ಲದ ಪರೀಕ್ಷೆ

ಗೇಮ್ ಸೆಟ್ಟಿಂಗ್‌ನಲ್ಲಿ ರೆಸಲ್ಯೂಷನ್ ಅನ್ನು 1280x720ಕ್ಕೆ ಇಳಿಸಿ ಆಡಿ ನೋಡಬೇಕು. ಆಟ ಚುರುಕಾದರೆ ಸೋತಿರುವುದು ಗ್ರಾಫಿಕ್ಸ್. ಹೊಸ ಕಾರ್ಡ್ ಹಾಕಿದರೆ ಉಪಯೋಗವಿದೆ. ಇಳಿಸಿದ ಮೇಲೂ ಮೊದಲಿನಷ್ಟೇ ತಡವರಿಸಿದರೆ ದಣಿದಿರುವುದು ಪ್ರೊಸೆಸರ್. ಎಷ್ಟು ದುಬಾರಿ ಕಾರ್ಡ್ ತಂದರೂ ಫಲವಿಲ್ಲ. ಫ್ರೀ ಫೈರ್ ಮ್ಯಾಕ್ಸ್ ಥರದ ಮೊಬೈಲ್ ಗೇಮನ್ನು ಬ್ಲೂಸ್ಟ್ಯಾಕ್ಸ್‌ನಲ್ಲಿ ಆಡುವವರ ತೊಂದರೆ ಬಹುಪಾಲು ಈ ಎರಡನೇ ಬಗೆಯದು. ಅವರು ಬಯಾಸ್‌ಗೆ ಹೋಗಿ ವರ್ಚುವಲೈಸೇಷನ್ ಆನ್ ಮಾಡಿ, ರ್‍ಯಾಮ್ ಅನ್ನು 16 ಜಿಬಿಗೆ ಏರಿಸಿದರೆ ಕಾರ್ಡ್‌ಗಿಂತ ಹೆಚ್ಚಿನ ಲಾಭ.

ಮೂರನೇ ತಲೆಮಾರಿನ ಐ5 ಇರುವವರು ಇನ್ನೊಂದು ಸಂಗತಿ ತಿಳಿದಿರಬೇಕು. ಆ ಚಿಪ್‌ನಲ್ಲಿ ಎವಿಎಕ್ಸ್2 ಎಂಬ ಸೌಲಭ್ಯವಿಲ್ಲ. ಅದನ್ನು ಬೇಡುವ ಹೊಸ ಗೇಮುಗಳು, ಕಾರ್ಡ್ ಯಾವುದೇ ಇರಲಿ, ತೆರೆಯುವುದೇ ಇಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಸಿಗುವುದು ಇಂಟೆಲ್‌ನ ಎಂಟನೇ ತಲೆಮಾರಿನಿಂದ ಈಚೆಗೆ. ಆದ್ದರಿಂದ ಇಂಥ ಕಂಪ್ಯೂಟರ್ ಮೇಲೆ ಹಾಕುವ ಹಣ ನಾಳೆ ಹೊಸ ಕಂಪ್ಯೂಟರ್ ಕಟ್ಟಿದಾಗಲೂ ಬಳಕೆಗೆ ಬರುವ ಭಾಗಗಳ ಮೇಲಿರಲಿ: ಮೊದಲು ಮಾನಿಟರ್, ಆಮೇಲೆ ಒಳಗಿನ ಭಾಗಗಳಿಗೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್, ಕೊನೆಗೆ ಕಾರ್ಡ್. ಅಂಗಡಿಯವರು ಹೇಳುವ ಕ್ರಮ ಸಾಮಾನ್ಯವಾಗಿ ಇದಕ್ಕೆ ತಲೆಕೆಳಗು.

ಎಸ್‌ಎಂಪಿಎಸ್ ಮೇಲಿನ ಚೀಟಿ

ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದರೆ ಎಸ್‌ಎಂಪಿಎಸ್‌ಗೆ ಅಂಟಿಸಿದ ಚೀಟಿ ಕಾಣುತ್ತದೆ. ಅದರಲ್ಲಿ ದೊಡ್ಡದಾಗಿ ಬರೆದ 450 ವ್ಯಾಟ್ ನಂಬಿ ಹೊರಡಬಾರದು. ಓದಬೇಕಾದ್ದು 12 ವೋಲ್ಟ್ ಸಾಲು. ಅಲ್ಲಿ 16 ಆಂಪಿಯರ್ ಎಂದಿದ್ದರೆ 12ರಿಂದ ಗುಣಿಸಿ: 192 ವ್ಯಾಟ್. ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಬದುಕಬೇಕಾದ್ದು ಈ 192ರಲ್ಲೇ. 132 ವ್ಯಾಟ್‌ನ ಕಾರ್ಡ್ ತಂದು ಸಿಕ್ಕಿಸಿದರೆ, ಗೇಮ್‌ನಲ್ಲಿ ಜೋರಾದ ಸನ್ನಿವೇಶ ಬಂದಾಗಲೆಲ್ಲ ಕಂಪ್ಯೂಟರ್ ತಾನಾಗಿ ಆಫ್ ಆಗುತ್ತದೆ. ಬೇರೆ ವೈರ್‌ನಿಂದ 8 ಪಿನ್‌ಗೆ ಬದಲಿಸುವ ಅಗ್ಗದ ಕನೆಕ್ಟರ್‌ನಿಂದ ಕೆಲಸ ಸಾಗಿಸುವುದು ಬೇಡವೇ ಬೇಡ. ವೈರ್ ಕರಗಿ ಬೆಂಕಿ ಹತ್ತುವ ಅಪಾಯ ನಿಜವಾದದ್ದು.

ಆಪ್ಟಿಪ್ಲೆಕ್ಸ್ 7010ರ ಚಿಕ್ಕ ಪೆಟ್ಟಿಗೆಯಲ್ಲಿರುವುದು 240 ವ್ಯಾಟ್‌ನ ಎಸ್‌ಎಂಪಿಎಸ್. ಅಲ್ಲಿ ಅರ್ಧ ಎತ್ತರದ ‘ಲೋ ಪ್ರೊಫೈಲ್’ ಕಾರ್ಡ್ ಮಾತ್ರ ಕೂರುತ್ತದೆ. ಇಂಥ ಬ್ರ್ಯಾಂಡೆಡ್ ಕಂಪ್ಯೂಟರ್‌ಗಳ ಹಲವು ಮಾದರಿಗಳಲ್ಲಿ ಪಿನ್ ಬೇರೆಯಾದ್ದರಿಂದ ಹೊರಗಿನ ಎಸ್‌ಎಂಪಿಎಸ್ ಹೊಂದುವುದೂ ಇಲ್ಲ. ಇವಕ್ಕೆ ಸರಿಯಾದದ್ದು ಪ್ರತ್ಯೇಕ ವಿದ್ಯುತ್ ಕೇಬಲ್ ಕೇಳದ ಕಾರ್ಡ್: 75 ವ್ಯಾಟ್‌ನ ಜಿಟಿಎಕ್ಸ್ 1650, ಅಥವಾ 2024ರಲ್ಲಿ ಬಂದ 70 ವ್ಯಾಟ್‌ನ 6 ಜಿಬಿ ಆರ್‌ಟಿಎಕ್ಸ್ 3050. ಎರಡರಲ್ಲಿ ಎರಡನೆಯದೇ ವಾಸಿ.

ಮಾಮೂಲಿ ಕ್ಯಾಬಿನೆಟ್ ಇದ್ದು, ಒಳ್ಳೆಯ ಕಂಪನಿಯ 550 ವ್ಯಾಟ್‌ನ, ‘80 ಪ್ಲಸ್ ಬ್ರಾಂಝ್’ ಗುರುತಿನ ಎಸ್‌ಎಂಪಿಎಸ್ ಹಾಕಿಸಲು ಸಾಧ್ಯವಾದರೆ ಆಯ್ಕೆ ವಿಸ್ತಾರವಾಗುತ್ತದೆ. ಎಎಂಡಿಯ 8 ಜಿಬಿ ಆರ್‌ಎಕ್ಸ್ 6600 ಕಾರ್ಡ್ ಈ ವಯಸ್ಸಿನ ಕಂಪ್ಯೂಟರ್‌ಗೆ ಹೇಳಿ ಮಾಡಿಸಿದಂತಿದೆ. 12 ಜಿಬಿಯ ಆರ್‌ಟಿಎಕ್ಸ್ 3060 ಕೂಡ ಆಗಬಹುದು, ಆದರೆ ಅದು 170 ವ್ಯಾಟ್ ಎಳೆಯುತ್ತದೆ.

ಬೇಡವೆನ್ನಬೇಕಾದವೂ ಇವೆ. ಆರ್‌ಎಕ್ಸ್ 6500 ಎಕ್ಸ್‌ಟಿ ಮದರ್‌ಬೋರ್ಡ್ ಜೊತೆ ಮಾತಾಡುವುದು ನಾಲ್ಕೇ ಲೇನ್‌ಗಳಲ್ಲಿ. ಹೊಸ ಬೋರ್ಡ್‌ನಲ್ಲಿ ಅದು ಸಾಲುತ್ತದೆ, ಹಳೆಯದರಲ್ಲಿ ಈ ಸಂಪರ್ಕದ ವೇಗ ಅರ್ಧಕ್ಕರ್ಧ ಕುಸಿಯುತ್ತದೆ. ಇಂಟೆಲ್‌ನ ಆರ್ಕ್ ಕಾರ್ಡ್‌ಗಳಿಗೆ ಬೇಕಾದ ‘ರೀಸೈಜಬಲ್ ಬಾರ್’ ಸೌಲಭ್ಯ ಹಳೇ ಬೋರ್ಡ್‌ಗಳಲ್ಲಿಲ್ಲ. ಜಿಟಿಎಕ್ಸ್ 1050 ಟಿಐ, 1060 ಕಾರ್ಡ್‌ಗಳಿಗೆ ಹೊಸ ಗೇಮ್‌ಗಳ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ.

ಮಾನಿಟರ್ ನಿರ್ಧರಿಸಲಿ

ಹಳೇ 18.5 ಇಂಚಿನ ಮಾನಿಟರ್‌ನಲ್ಲಿ 1366x768, ಅಂದರೆ ಸುಮಾರು 10.5 ಲಕ್ಷ ಪಿಕ್ಸೆಲ್. ಫುಲ್ ಎಚ್‌ಡಿ ಅದರ ಎರಡರಷ್ಟು, 20.7 ಲಕ್ಷ. 1440ರ ಮಾನಿಟರ್‌ಗೆ 36.9 ಲಕ್ಷ. ಕಾರ್ಡ್ ಪ್ರತಿ ಫ್ರೇಮ್‌ಗೂ ಇಷ್ಟನ್ನೂ ಬಿಡಿಸಬೇಕು. ಹಳೇ ಮಾನಿಟರನ್ನೇ ಇಟ್ಟುಕೊಂಡು ಆರ್‌ಎಕ್ಸ್ 6600 ಹಾಕಿದರೆ ಕಾರ್ಡ್ ಕೆಲಸವಿಲ್ಲದೆ ಕೂರುತ್ತದೆ. 1440ರದ್ದು ತಂದು ಜಿಟಿಎಕ್ಸ್ 1650 ಹಾಕಿದರೆ ಏದುಸಿರು ಬಿಡುತ್ತದೆ. ಈ ಕಂಪ್ಯೂಟರ್‌ಗಳಿಗೆ 24 ಇಂಚಿನ ಫುಲ್ ಎಚ್‌ಡಿ ಐಪಿಎಸ್ ಮಾನಿಟರ್ ಸರಿ. ಇದೇ ರೆಸಲ್ಯೂಷನ್‌ನ 27 ಇಂಚು ದೊಡ್ಡದಾಗಿ ಕಂಡರೂ ಹತ್ತಿರ ಕೂತು ಆಡುವಾಗ ಅಕ್ಷರಗಳು ಒರಟಾಗುತ್ತವೆ.

100ರಿಂದ 144 ಹರ್ಟ್ಸ್ ಸಾಕು. ಫ್ರೀಸಿಂಕ್ ಮಾತ್ರ ಇರಲೇಬೇಕು. ಹಳೇ ಪ್ರೊಸೆಸರ್‌ನಲ್ಲಿ ಫ್ರೇಮುಗಳು ಒಮ್ಮೆ 80, ಒಮ್ಮೆ 55 ಎಂದು ಏರಿಳಿಯುವಾಗ ಚಿತ್ರ ಹರಿದಂತೆ ಕಾಣದಿರಲು ನೆರವಾಗುವುದು ಇದೇ. ಮನೆಗೆ ತಂದ ಮೇಲೆ ವಿಂಡೋಸ್‌ನ ಅಡ್ವಾನ್ಸ್‌ಡ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ ಬದಲಿಸುವುದನ್ನು ಮರೆಯಬಾರದು. ಬದಲಿಸದಿದ್ದರೆ 144ರ ಮಾನಿಟರ್ ವರ್ಷಗಟ್ಟಲೆ 60ರಲ್ಲೇ ಓಡುತ್ತಿರುತ್ತದೆ. ಹೊಸ ಕಾರ್ಡ್‌ಗಳಲ್ಲಿ ಹಳೆಯ ನೀಲಿ ವಿಜಿಎ ಕಿಂಡಿ ಇಲ್ಲ. ಹಾಗಾಗಿ ಎಚ್‌ಡಿಎಂಐ ಜೊತೆಗೆ ಡಿಸ್‌ಪ್ಲೇಪೋರ್ಟ್ ಇರುವ ಮಾನಿಟರ್ ಆರಿಸಬೇಕು.

ಕರೆಂಟು, ಬಿಲ್ಲು

ಹಳ್ಳಿಯಲ್ಲಿ ವೋಲ್ಟೇಜ್ ಏರಿಳಿತ ಹೊಸದಲ್ಲ. ಅರ್ಥಿಂಗ್ ಸರಿಯಿದೆಯೇ ಎಂದು ವೈರಿಂಗ್‌ನವರಿಂದ ನೋಡಿಸದೆ ಹೊಸ ಕಾರ್ಡ್ ಹಾಕಬಾರದು. ಮನೆಯಲ್ಲಿರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ ತಡೆಯುವುದು 360 ವ್ಯಾಟ್. ಕರೆಂಟು ಹೋದಾಗ ಗೇಮ್ ಸೇವ್ ಮಾಡಿ ಆಫ್ ಮಾಡಲಷ್ಟೇ ಅದು.

ಗೇಮ್ ಆಡುವಾಗ ಇಡೀ ವ್ಯವಸ್ಥೆ 250 ವ್ಯಾಟ್ ಎಳೆದರೆ, ದಿನಕ್ಕೆ 4 ಗಂಟೆಯಂತೆ ತಿಂಗಳಿಗೆ 30 ಯೂನಿಟ್. ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆಯ ಮೇಲೆ ಉಚಿತ ಮಿತಿ ನಿಗದಿಯಾಗಿದೆ. ಅದನ್ನು ಮೀರಿದ ಯೂನಿಟ್‌ಗೆ ಹಣ ಕಟ್ಟಬೇಕು, ಒಟ್ಟು ಬಳಕೆ 200 ದಾಟಿದರೆ ಪೂರ್ತಿ ಬಿಲ್ ಮನೆಯವರದೇ. ಮಕ್ಕಳು ಮತ್ತು ಮನೆಯವರು ಈ ಲೆಕ್ಕವನ್ನು ಮೊದಲೇ ಕೂತು ಮಾಡಿಕೊಳ್ಳುವುದು ಒಳ್ಳೆಯದು.

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವುದು ತಪ್ಪಲ್ಲ. ಎಥೀರಿಯಂ ಎಂಬ ಕ್ರಿಪ್ಟೊ ಕರೆನ್ಸಿ 2022ರ ಸೆಪ್ಟೆಂಬರ್‌ನಲ್ಲಿ ಗಣಿಗಾರಿಕೆ ಕೈಬಿಟ್ಟ ಮೇಲೆ ಹಗಲೂ ರಾತ್ರಿ ದುಡಿದಿದ್ದ ಕಾರ್ಡ್‌ಗಳು ರಾಶಿ ರಾಶಿ ಮಾರುಕಟ್ಟೆಗೆ ಬಂದವು, ಅಷ್ಟು ನೆನಪಿರಲಿ. ಅಂಗಡಿಯಲ್ಲೇ ಜಿಪಿಯು-ಝಡ್ ತಂತ್ರಾಂಶ ತೆರೆಸಿ ಹೆಸರೂ ಮೆಮೊರಿಯೂ ಡಬ್ಬಿಯ ಮೇಲಿನಂತೆಯೇ ಇವೆಯೇ ನೋಡಬೇಕು. ಕಾಲು ಗಂಟೆ ಗೇಮ್ ಓಡಿಸಿ ಫ್ಯಾನ್ ಸದ್ದು ಕೇಳಬೇಕು. ಮೈಸೂರಿಗೋ ಬೆಂಗಳೂರಿಗೋ ಹೊರಡುವ ಮುನ್ನ ಎಸ್‌ಎಂಪಿಎಸ್ ಚೀಟಿ, ಮದರ್‌ಬೋರ್ಡ್, ಕ್ಯಾಬಿನೆಟ್ ಒಳಗಿನ ಜಾಗದ ಫೋಟೊ ಮೊಬೈಲ್‌ನಲ್ಲಿ ತೆಗೆದುಕೊಳ್ಳಿ, ಕಾರ್ಡ್ ಕೂರುವ ಜಾಗದ ಉದ್ದವನ್ನು ಟೇಪ್ ಹಿಡಿದು ಅಳೆದುಕೊಳ್ಳಿ. ಹೊಸ ಕಾರ್ಡ್ ಆದರೆ ಅದರ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಪಡೆಯದೆ ಅಂಗಡಿ ಬಿಡಬೇಡಿ. ಮುಂದೆ ವಾರಂಟಿ ಕೇಳಲು ಹೋದಾಗ ಮೊದಲು ಕೇಳುವ ಕಾಗದ ಅದೇ.