ಜಾಲಪುಟದಲ್ಲಿ ಚಲಿಸುವ ಚಿತ್ರ

ಒಂದು ಕಾಲಕ್ಕೆ ಅಕ್ಷರಗಳಿಗೂ ಸ್ಥಿರಚಿತ್ರಗಳಿಗೂ ಮಾತ್ರ ಎಡೆಯಿದ್ದ ಜಾಲಪುಟದಲ್ಲಿ ಇಂದು ಹಾಡು, ಕುಣಿತ, ಭಾಷಣ, ಪ್ರಯೋಗಗಳೆಲ್ಲವೂ ಕಣ್ಣಿಗೆ ಕಟ್ಟುವಂತೆ ಮೂಡುತ್ತವೆ. ನಮ್ಮ ಸಹಪಾಠಿಗಳಲ್ಲಿ ಅನೇಕರು ಸ್ವಂತ ಪುಟಗಳಲ್ಲಿ ವಿಡಿಯೊಗಳನ್ನು ತೋರಿಸುತ್ತಿದ್ದಾರೆ. ಆದರೆ ಆ ವಿಡಿಯೊ ಎಲ್ಲಿದೆ, ಯಾರ ವಶದಲ್ಲಿದೆ, ಎಷ್ಟು ಕಾಲ ಉಳಿದೀತು ಎಂದು ಯೋಚಿಸುವವರು ವಿರಳ. ಈ ವಿಷಯವನ್ನು ನನಗೆ ತಿಳಿದ ಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ವಿಡಿಯೊವನ್ನು ನೋಡುಗರಿಗೆ ತಲುಪಿಸಲು ಮೂರು ಮಾರ್ಗಗಳಿವೆ. ಮೊದಲನೆಯದು ಲಿಂಕ್, ಅಂದರೆ ಕೊಂಡಿ. ಇದು "ಆ ಮನೆಗೆ ಹೀಗೆ ಹೋಗಿ" ಎಂದು ದಾರಿ ತೋರಿದಂತೆ. ನೋಡುಗನು ನಮ್ಮ ಪುಟವನ್ನು ಬಿಟ್ಟು ಆ ತಾಣಕ್ಕೆ ಹೋಗುತ್ತಾನೆ. ಎರಡನೆಯದು ಎಂಬೆಡ್ ಮಾಡುವುದು. ಯೂಟ್ಯೂಬಿನಂಥ ತಾಣವು ಕೊಡುವ ಐಫ್ರೇಮ್ ಎಂಬ ಸಂಕೇತವನ್ನು ನಮ್ಮ ಪುಟದಲ್ಲಿ ಸೇರಿಸಿದರೆ, ಗೋಡೆಯಲ್ಲಿ ಕಿಟಕಿ ತೆರೆದಂತಾಗಿ, ಅಲ್ಲಿನ ವಿಡಿಯೊ ಇಲ್ಲಿಯೇ ಕಾಣುತ್ತದೆ. ಕಡತ ಮಾತ್ರ ಅವರ ಸರ್ವರಿನಲ್ಲಿಯೇ ಇರುತ್ತದೆ. ಮೂರನೆಯದು, ಕಡತವನ್ನೇ ನಮ್ಮ ಸರ್ವರಿಗೆ ಏರಿಸಿ, ಎಚ್‌ಟಿಎಂಎಲ್ 5ರ ವಿಡಿಯೊ ಟ್ಯಾಗಿನಿಂದ ತೋರಿಸುವುದು. ಇದು ಸ್ವಂತ ಕಣಜದಲ್ಲಿ ಕಾಳು ಕೂಡಿಟ್ಟಂತೆ.

ಈ ಮೂರನೆಯ ಮಾರ್ಗವು ಹಿಂದೆ ಸುಲಭವಾಗಿರಲಿಲ್ಲ. ಬ್ರೌಸರಿಗೆ ಫ್ಲ್ಯಾಶ್‌ನಂಥ ಹೊರಗಿನ ತಂತ್ರಾಂಶವನ್ನು ಜೋಡಿಸಬೇಕಾಗಿತ್ತು. 2014ರ ಅಕ್ಟೋಬರಿನಲ್ಲಿ ಎಚ್‌ಟಿಎಂಎಲ್ 5 ಡಬ್ಲ್ಯು3ಸಿ ಸಂಸ್ಥೆಯ ಅಧಿಕೃತ ಶಿಫಾರಸಾಯಿತು. 2020ರ ಕೊನೆಗೆ ಫ್ಲ್ಯಾಶ್ ಮುಗಿದೇಹೋಯಿತು. ಎಚ್.264 ವಿಧಾನದ ಎಂಪಿ4 ಕಡತವು ಇಂದು ಬಹುತೇಕ ಎಲ್ಲ ಫೋನು, ಕಂಪ್ಯೂಟರುಗಳಲ್ಲಿಯೂ ನಡೆಯುತ್ತದೆ.

ಹಾಗಾದರೆ ಎಲ್ಲವನ್ನೂ ನಮ್ಮಲ್ಲೇ ಇಟ್ಟುಕೊಳ್ಳಬಾರದೇಕೆ? ಲೆಕ್ಕ ಹಾಕಿ ನೋಡೋಣ. ಸೆಕೆಂಡಿಗೆ 2 ಮೆಗಾಬಿಟ್ ದರದ 5 ನಿಮಿಷದ ವಿಡಿಯೊ 600 ಮೆಗಾಬಿಟ್, ಅಂದರೆ 75 ಮೆಗಾಬೈಟ್ ತೂಗುತ್ತದೆ. ನೂರು ಜನ ಪೂರ್ತಿ ನೋಡಿದರೆ ನಮ್ಮ ಸರ್ವರು 7,500 ಮೆಗಾಬೈಟ್ ಸಾಗಿಸಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ಎಂಬೆಡ್ ಮಾಡಿದರೆ ಈ ಭಾರವನ್ನು ದೊಡ್ಡ ತಾಣವು ಹೊರುತ್ತದೆ; ನೋಡುಗನ ಸಂಪರ್ಕದ ವೇಗಕ್ಕೆ ತಕ್ಕ ಗುಣಮಟ್ಟವನ್ನೂ ಆರಿಸಿ ಕಳುಹಿಸುತ್ತದೆ. ಆದರೆ ಆ ಕಿಟಕಿಯ ಬಾಗಿಲು ನಮ್ಮ ಕೈಯಲ್ಲಿಲ್ಲ.

ಈ ಮಾತಿನ ಭಾರ ನನಗೆ ಅನುಭವದಿಂದ ತಿಳಿದಿದೆ. ನನ್ನ ಅಜ್ಜಿಯವರು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ ಪದಗಳನ್ನು ನೆಂಟರೊಬ್ಬರು ಚಿತ್ರೀಕರಿಸಿ ತಮ್ಮ ಖಾತೆಯಲ್ಲಿ ಹಾಕಿದ್ದರು. ನನ್ನ ಪುಟದಲ್ಲಿ ಅದು ಎಂಬೆಡ್ ಆಗಿತ್ತು. ಅವರು ಖಾತೆಯನ್ನು ಮುಚ್ಚಿದೊಡನೆ ನನ್ನ ಪುಟದಲ್ಲಿಯೂ ಅಜ್ಜಿಯ ದನಿ ನಿಂತಿತು. ಮೂಲ ಕಡತದ ಪ್ರತಿಯನ್ನು ಮೊದಲೇ ಕೇಳಿ ಪಡೆದಿದ್ದೆನಾದುದರಿಂದ ಪದಗಳು ಉಳಿದವು. ಅಜ್ಜಿ ಈಗಿಲ್ಲ, ಅವುಗಳಲ್ಲಿ ಕೆಲವು ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಬಾರವು.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಪರರ ವಿಡಿಯೊಗೆ ಲಿಂಕ್ ಅಥವಾ ಎಂಬೆಡ್ ಸಾಕು. ಅದನ್ನು ಇಳಿಸಿಕೊಂಡು ಅನುಮತಿಯಿಲ್ಲದೆ ನಮ್ಮಲ್ಲಿ ಏರಿಸುವುದು ತರವಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿಯು ಹಾಡುವವರಿಗೂ ಕುಣಿಯುವವರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕನ್ನು ಕೊಟ್ಟಿದೆ. ನಾವೇ ದಾಖಲಿಸಿದ ಅಪರೂಪದ ವಸ್ತುವಾದರೆ, ತೋರಿಸಲು ಎಂಬೆಡ್ ಇರಲಿ. ಮೂಲ ಕಡತವು ಬೇರೆ ಬೇರೆ ಎರಡು ಕಡೆ ಭದ್ರವಾಗಿರಲಿ. ಚಿಕ್ಕ ಕಡತವನ್ನು ಸ್ವಂತ ಸರ್ವರಿನಲ್ಲಿ ಇಡುವುದಾದರೆ, ಟ್ಯಾಗಿನ ಪ್ರೀಲೋಡ್ ಎಂಬಲ್ಲಿ ನನ್ ಎಂದು ಬರೆಯುವುದು ಒಳ್ಳೆಯದು. ಬಯಸದವರ ಡೇಟಾ ವ್ಯರ್ಥವಾಗದು. ವಿಡಿಯೊದ ಕೆಳಗೆ ಹಾಡಿದವರು ಯಾರು, ಯಾವ ಊರು, ಯಾವ ವರ್ಷ ಎಂಬುದನ್ನು ಅಕ್ಷರದಲ್ಲಿ ತಪ್ಪದೆ ಬರೆಯಬೇಕು. ಕಿಟಕಿ ಮುಚ್ಚಿದರೂ ಒಳಗೆ ಏನಿತ್ತೆಂಬುದನ್ನು ಆ ನಾಲ್ಕು ಸಾಲುಗಳಾದರೂ ಹೇಳುತ್ತವೆ.

ರಜೆಯಲ್ಲಿ ಊರಿಗೆ ಹೋಗುವ ಮಿತ್ರರು ತಮ್ಮ ಹಿರಿಯರ ಹಾಡು, ಕತೆಗಳನ್ನು ಈ ಕ್ರಮದಲ್ಲಿ ದಾಖಲಿಸಿದರೆ ಮುಂದೆ ಓದುವವರಿಗೆ ಅದೊಂದು ಆಸ್ತಿಯಾದೀತು.